ಹೂವು ಹುಡಿಯಾದ ಮೇಲೆ: ಕ್ಯಾಮೊಮೈಲ್ ಕುಡಿಯುವವರ ಜೊತೆ ಒಂದಷ್ಟು ಮಾತು

ಉಡುಪಿಯಲ್ಲಿ ಅಡುಗೆ, ಮನೆಮದ್ದು, ಗಿಡಮೂಲಿಕೆ ಅಂದರೆ ಕಿವಿ ನಿಮಿರಿಸುವ ಕೆಲವರ ಮುಂದೆ ಆಡಿದ ಮಾತು ಇದು. ಮೇಜಿನ ಮೇಲೆ ಬಿಸಿನೀರಿನ ಕೆಟಲ್, ಸಣ್ಣ ತಕ್ಕಡಿ, ಸಾಲಾಗಿ ಬಿಳಿ ಲೋಟೆಗಳು ಇದ್ದವು. ಕುಡಿದು ನೋಡುತ್ತಾ ಆಡಿದ ಮಾತಾದ್ದರಿಂದ ನಡುವೆ ಪ್ರಶ್ನೆಗಳೂ ಬಂದವು. ಅವನ್ನು ತೆಗೆಯದೆ ಹಾಗೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕ್ಯಾಮೊಮೈಲ್ ಕುಡಿದರೆ ಒಳ್ಳೆ ನಿದ್ದೆ ಬರುತ್ತದೆಯಂತೆ, ಅದನ್ನು ಕೇಳೋಣ ಅಂತ ಬಂದವರು ಸ್ವಲ್ಪ ಹೊತ್ತು ತಾಳಿಕೊಳ್ಳಿ. ಆ ವಿಷಯ ಕೊನೆಗೆ ಬರುತ್ತದೆ. ಇವತ್ತು ನನಗೆ ಹೇಳಬೇಕಾದ್ದು ರುಚಿಯ ವಿಷಯ. ಅದರಲ್ಲೂ ಹುಡಿಯ ವಿಷಯ. ಇಡೀ ಹೂವಿನ ಬಗ್ಗೆ ಬೇಕಾದಷ್ಟು ಮಂದಿ ಮಾತಾಡಿದ್ದಾರೆ. ಆದರೆ ಈಗ ಮಣಿಪಾಲದ ಅಂಗಡಿಯಲ್ಲಿರಲಿ, ಮಂಗಳೂರಿನ ಸೂಪರ್‌ ಮಾರ್ಕೆಟ್‌ನಲ್ಲಿರಲಿ, ನಮ್ಮ ಕೈಗೆ ಜಾಸ್ತಿ ಸಿಗುವುದು ಹುಡಿ. ಕ್ಯಾಮೊಮೈಲ್ ಜೊತೆ ಶುಂಠಿ, ಕ್ಯಾಮೊಮೈಲ್ ಜೊತೆ ತುಳಸಿ, ಅರಸಿನ, ಅಶ್ವಗಂಧ, ಹೀಗೆ ಏನೇನೋ ಸೇರಿಸಿ ನುಣ್ಣಗೆ ಮಾಡಿ ಡಬ್ಬಿಯಲ್ಲಿ ತುಂಬಿದ್ದು. ಮನೆಗೆ ತಂದು ಕುಡಿದವರು ಹೇಳುವುದು ಒಂದೇ ಮಾತು: "ಕಹಿ ಮಾರಾಯ್ರೆ, ಹುಲ್ಲು ಕುಡಿದ ಹಾಗೆ ಆಗ್ತದೆ."

ಆ ಕಹಿಗೆ ಹೂವು ಕಾರಣ ಅಲ್ಲ. ಹೆಚ್ಚಿನ ಸಲ ನಾವು ಮಾಡುವ ಕ್ರಮವೇ ಕಾರಣ. ಕೆಲವು ಸಲ ಡಬ್ಬಿಯ ಒಳಗಿರುವುದೇ ಹಳತು. ಯಾವುದು ಯಾವಾಗ ಅಂತ ಹೇಗೆ ತಿಳಿಯುವುದು? ಹುಡಿಯಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಮೂಗು ಮತ್ತು ನಾಲಿಗೆಯನ್ನೇ ನಂಬಬೇಕು. ನಾನು ಹೇಳಲಿಕ್ಕೆ ಬಂದದ್ದು ಅಷ್ಟೇ.

ಗಿಡದ ವಿಷಯ ಬೇಗ ಮುಗಿಸುತ್ತೇನೆ. ಕ್ಯಾಮೊಮೈಲ್ ನಮ್ಮ ಸೇವಂತಿಗೆ, ಗೊಂಡೆ, ಸೂರ್ಯಕಾಂತಿಯ ಕುಟುಂಬದ್ದು. ನಡುವೆ ಹಳದಿ ಗುಬ್ಬಿ, ಸುತ್ತ ಬಿಳಿ ಎಸಳು. ಎರಡು ಜಾತಿ ಮುಖ್ಯ, ಜರ್ಮನ್ ಮತ್ತು ರೋಮನ್. ಕುಡಿಯಲಿಕ್ಕೆ ಮಾರುವುದು ಹೆಚ್ಚಾಗಿ ಜರ್ಮನ್ ಜಾತಿ. ಈಜಿಪ್ಟ್, ಅರ್ಜೆಂಟೀನಾ, ಪೂರ್ವ ಯುರೋಪಿನ ದೇಶಗಳಲ್ಲಿ ಎಕರೆಗಟ್ಟಲೆ ಬೆಳೆಯುತ್ತಾರೆ. ನಮ್ಮ ದೇಶಕ್ಕೂ ಇದು ಹೊಸತಲ್ಲ. ಯುನಾನಿ ವೈದ್ಯರು ಬಾಬೂನಾ ಅಂತ ತುಂಬ ಹಿಂದಿನಿಂದ ಬಳಸುತ್ತಾ ಬಂದಿದ್ದಾರೆ. ಲಖ್ನೋದಲ್ಲಿರುವ ಸಿಮ್ಯಾಪ್ ಅನ್ನುವ, ಔಷಧಿ ಮತ್ತು ಸುಗಂಧ ಸಸ್ಯಗಳ ಸಂಶೋಧನಾ ಸಂಸ್ಥೆಯವರು ಉತ್ತರ ಭಾರತದ ರೈತರಿಗೆ ಇದನ್ನು ಚಳಿಗಾಲದ ಬೆಳೆಯಾಗಿ ಪರಿಚಯಿಸಿದ್ದಾರೆ. ಅಲ್ಲಿಯ ಕ್ಷಾರ ಮಣ್ಣಿನಲ್ಲೂ ಬರುತ್ತದೆ. ನಮ್ಮ ಕರಾವಳಿಯ ಸೆಕೆ, ಬೆವರು, ಮಳೆ ಇದಕ್ಕೆ ಒಗ್ಗುವುದಿಲ್ಲ. ಚಟ್ಟಿಯಲ್ಲಿ ನಾಲ್ಕು ಹೂ ಬಿಡಿಸಿ ಖುಷಿಪಡಬಹುದು, ಅಷ್ಟೇ. ಆದ್ದರಿಂದ ಇಲ್ಲಿಗೆ ಬರುವುದೆಲ್ಲ ದೂರದಿಂದ ಬಂದದ್ದು. ಆ ದೂರ ರುಚಿಯಲ್ಲಿ ಗೊತ್ತಾಗುತ್ತದೆ.

ಇನ್ನು ಹುಡಿಗೆ ಬರೋಣ. ಇಲ್ಲಿ ಎರಡು ಚಮಚ ಇಟ್ಟಿದ್ದೇನೆ. ಒಂದರಲ್ಲಿ ಒಣಗಿದ ಇಡೀ ಹೂವು, ಇನ್ನೊಂದರಲ್ಲಿ ಅದೇ ಹೂವಿನ ಹುಡಿ. ತಕ್ಕಡಿಯಲ್ಲಿ ನೋಡಿ. ಇಡೀ ಹೂವು 1 ಗ್ರಾಂ ಕೂಡ ಇಲ್ಲ. ಹುಡಿ ಅದರ ಎರಡು ಪಟ್ಟಿಗಿಂತ ಮೇಲೆ. ಹೂವಿನ ನಡುವಿನ ಗುಬ್ಬಿ ಒಳಗೆ ಟೊಳ್ಳು, ಎಸಳುಗಳ ನಡುವೆ ಗಾಳಿ. ಹುಡಿ ಮಾಡಿದಾಗ ಆ ಗಾಳಿಯೆಲ್ಲ ಹೋಯಿತು. ಇಡೀ ಹೂವಿನ ಲೆಕ್ಕದಲ್ಲಿ "ಒಂದು ಲೋಟೆಗೆ ಎರಡು ಚಮಚ" ಅಂತ ಎಲ್ಲೋ ಓದಿ, ಹುಡಿಯನ್ನೂ ಎರಡು ಚಮಚ ಹಾಕಿದರೆ ಏನಾಗುತ್ತದೆ? ಕಹಿ ಆಗದೆ ಇನ್ನೇನು ಆಗಬೇಕು?

ಎರಡನೇ ಸಂಗತಿ ಸಮಯ. ಕಣದ ದಪ್ಪ ಅರ್ಧಕ್ಕೆ ಇಳಿದರೆ, ಒಳಗಿನ ಸಾರ ಹೊರಗೆ ಬರಲು ಬೇಕಾದ ಸಮಯ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಇಡೀ ಹೂವಿಗೆ ಐದಾರು ನಿಮಿಷ ಬೇಕಾದರೆ ನುಣ್ಣಗಿನ ಹುಡಿಗೆ ಎರಡು ನಿಮಿಷ ಧಾರಾಳ. ಪರಿಮಳ ಮೊದಲು ಬರುತ್ತದೆ. ಕಹಿ, ಚೊಗರು, ಲೋಳೆ ಹಿಂದಿನಿಂದ ಬರುತ್ತವೆ. ಹೌದು, ಲೋಳೆ. ಈ ಹೂವಿನಲ್ಲಿ ಲೋಳೆಯ ಅಂಶ ಉಂಟು. ಹುಡಿಯನ್ನು ಹತ್ತು ನಿಮಿಷ ನೆನೆಯಲು ಬಿಟ್ಟು ಕುಡಿದು ನೋಡಿ, ನಾಲಿಗೆ ಮೇಲೆ ತೆಳು ಗಂಜಿ ತಿಳಿಯ ಹಾಗೆ ಜಾರುತ್ತದೆ. ಕೆಲವರಿಗೆ ಅದು ಹಿತ. ನನಗೆ ಅಲ್ಲ.

ಮೂರನೆಯದು, ಎಣ್ಣೆ. ಕ್ಯಾಮೊಮೈಲಿನ ಪರಿಮಳ ಇರುವುದು ಅದರ ಆವಿಯಾಗುವ ಎಣ್ಣೆಯಲ್ಲಿ. ಒಳ್ಳೆ ಹೂವು ಅಂತ ಒಪ್ಪಲು ಒಂದು ಕಿಲೋ ಒಣ ಹೂವಿನಲ್ಲಿ ಕನಿಷ್ಠ 4 ಮಿಲಿ ಲೀಟರ್ ಎಣ್ಣೆ ಇರಬೇಕು ಅಂತ ಯುರೋಪಿನ ಔಷಧ ಮಾನದಂಡ ಹೇಳುತ್ತದೆ. ಒಂದು ಕಿಲೋಗೆ ಒಂದು ಸಣ್ಣ ಚಮಚದಷ್ಟೂ ಇಲ್ಲ! ಹೂವನ್ನು ಅರೆದ ಕ್ಷಣದಿಂದ ಆ ಎಣ್ಣೆ ಹಾರಲು ಶುರು. ಇಡೀ ಹೂವಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಪರಿಮಳ ಹುಡಿಯಲ್ಲಿ ಬಹಳ ಬೇಗ ಖಾಲಿಯಾಗುತ್ತದೆ. ಕಹಿಯ ಅಂಶಗಳು ಹಾರುವುದಿಲ್ಲ. ಅವು ಡಬ್ಬಿಯಲ್ಲೇ ಭದ್ರವಾಗಿ ಕೂತಿರುತ್ತವೆ. ಹಳೇ ಹುಡಿಯಲ್ಲಿ ಸುವಾಸನೆ ಇಲ್ಲದ ಕಹಿ ಮಾತ್ರ ಸಿಗುವುದು ಇದಕ್ಕೇ.

ಇಲ್ಲಿ ನಮ್ಮ ಊರಿನವರ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ನಾವು ಕಷಾಯದ ಜನ. ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿದು ಹುಡಿ ಮಾಡಿ, ಬೆಲ್ಲ ಹಾಕಿ, ತಳತಳ ಕುದಿಸಿ, ಕೊನೆಗೆ ಹಾಲು ಹಾಕುವುದು ಕೈಗೆ ಬಂದ ಕ್ರಮ. ಅದು ಸರಿಯೇ. ಆ ಬೀಜಗಳು ಗಟ್ಟಿ, ಹುರಿದ ಪರಿಮಳ ಕುದಿಗೆ ತಡೆದುಕೊಳ್ಳುತ್ತದೆ. ಅದೇ ಕೈಯಲ್ಲಿ ಕ್ಯಾಮೊಮೈಲ್ ಹುಡಿಯನ್ನೂ ಪಾತ್ರೆಗೆ ಹಾಕಿ ಕುದಿಸಿದರೆ ಅಡುಗೆಮನೆ ಪೂರ್ತಿ ಘಮಘಮ. ಮನೆಯವರೆಲ್ಲ "ಎಂತ ಪರಿಮಳ!" ಅನ್ನುತ್ತಾರೆ. ಆ ಪರಿಮಳ ಲೋಟೆಯಲ್ಲಿ ಇರಬೇಕಿತ್ತು ಅಲ್ವಾ? ಕುಡಿಯುವವರಿಗೆ ಉಳಿಯುವುದು ಚರಟದ ರುಚಿ.

ಈಗ ಒಂದು ಲೋಟೆಗೆ ಹಾಕಿ ಮುಚ್ಚಿಟ್ಟಿದ್ದೆನಲ್ಲ, ಎರಡು ನಿಮಿಷ ಆಯಿತು. ಮುಚ್ಚಳ ತೆಗೆದು ತಿರುಗಿಸುತ್ತೇನೆ. ಒಳಬದಿಯಲ್ಲಿ ಹನಿಗಳು ನಿಂತಿವೆ. ಮುಂದಿನ ಸಾಲಿನವರು ದಾಟಿಸುತ್ತಾ ಮೂಸಿ ನೋಡಿ. ಏನು ವಾಸನೆ? ಸೇಬು ಅಂತ ಒಬ್ಬರು ಹೇಳಿದರು. ಸರಿ. ಜೇನು? ಅದೂ ಸರಿ. ಒಣ ಬೈಹುಲ್ಲು ಅಂತ ಹಿಂದಿನಿಂದ ಹೇಳಿದ್ದು ಅತ್ಯಂತ ಸರಿ. ಆ ಹನಿಗಳನ್ನು ಚೆಲ್ಲಬೇಡಿ. ಮುಚ್ಚಳವನ್ನು ಲೋಟೆಯ ಮೇಲೆ ಓರೆ ಮಾಡಿ ಒಳಗೆ ಇಳಿಸಿಬಿಡಿ. ಮುಚ್ಚದೆ ಇಟ್ಟ ಇನ್ನೊಂದು ಲೋಟೆ ಇಲ್ಲಿದೆ. ಎರಡನ್ನೂ ಒಂದಾದ ಮೇಲೆ ಒಂದು ಕುಡಿದರೆ ಮತ್ತೆ ನಾನು ವಿವರಿಸುವ ಕೆಲಸವೇ ಇಲ್ಲ.

ಹುಡಿಯನ್ನು ನಾನು ಮಾಡುವ ಕ್ರಮ ಹೇಳುತ್ತೇನೆ. ಜರ್ಮನಿಯ ಔಷಧ ಪದ್ಧತಿಯಲ್ಲಿ ಇಡೀ ಹೂವಿಗೆ 150 ಮಿಲಿ ಲೀಟರ್ ಬಿಸಿನೀರಿಗೆ 3 ಗ್ರಾಂ, ಮುಚ್ಚಿ 5ರಿಂದ 10 ನಿಮಿಷ ಅಂತ ಲೆಕ್ಕ. ಚಾ ರುಚಿ ನೋಡಲಿಕ್ಕೆ ಐಎಸ್‌ಒ 3103 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಉಂಟು. 1980ರಲ್ಲಿ ಬಂದದ್ದು. ಅದರಲ್ಲಿ 100 ಮಿಲಿ ಲೀಟರಿಗೆ 2 ಗ್ರಾಂ, 6 ನಿಮಿಷ. ಗುಣಿಸಿ ನೋಡಿ, ಎರಡೂ ಒಂದೇ ಪ್ರಮಾಣ. ಮದ್ದಿನವರೂ ಚಾದವರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ನಿಂತದ್ದು ನನಗೆ ಗಮ್ಮತ್ತು ಅನಿಸುತ್ತದೆ. ಹುಡಿಗೆ ಮಾತ್ರ ಇದು ಜಾಸ್ತಿ ಆಯಿತು. ಪರೀಕ್ಷೆಗೆ ಆ ಪ್ರಮಾಣ ಇರಲಿ, ಯಾಕೆಂದರೆ ದೋಷ ಇದ್ದರೆ ಎದ್ದು ಕಾಣಬೇಕು. ದಿನಾ ಕುಡಿಯಲಿಕ್ಕೆ 150 ಮಿಲಿ ಲೀಟರಿಗೆ ಒಂದೂವರೆ ಗ್ರಾಂ ಸಾಕು. ಅಂದಾಜಿಗೆ ಸಣ್ಣ ಚಮಚದಲ್ಲಿ ಗೀಟಿದ ಒಂದು ಚಮಚ, ಗೋಪುರ ಮಾಡಬಾರದು.

ಹುಡಿಯ ಮೇಲೆ ನೇರ ಬಿಸಿನೀರು ಹೊಯ್ದರೆ ಅದು ಗಂಟು ಕಟ್ಟಿ ಮೇಲೆ ತೇಲುತ್ತದೆ. ಗಂಟಿನ ಒಳಗೆ ಒಣ ಹುಡಿ ಹಾಗೇ ಉಳಿದಿರುತ್ತದೆ. ಮೊದಲು ಎರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ ಕಲಸಿ. ರಾಗಿ ಹುಡಿ ಕಲಸಿ ಗೊತ್ತಿರುವ ಕೈಗೆ ಇದು ಹೇಳಿಕೊಡಬೇಕಾಗಿಲ್ಲ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಗುಳ್ಳೆ ಅಡಗುವವರೆಗೆ ಕಾಯಿರಿ. ಆಮೇಲೆ ಹೊಯ್ಯಿರಿ. ಒಮ್ಮೆ ತಿರುಗಿಸಿ, ಮುಚ್ಚಿ. ಎರಡು ನಿಮಿಷ. ಆಮೇಲೆ ಸೋಸಿ. ಚಾ ಸೋಸುವ ಸ್ಟೀಲ್ ಜಾಲರಿ ಈ ಕೆಲಸಕ್ಕೆ ಪ್ರಯೋಜನ ಇಲ್ಲ, ಅರ್ಧ ಹುಡಿ ಇಳಿದು ಬರುತ್ತದೆ. ತೆಳು ಹತ್ತಿ ಬಟ್ಟೆಯನ್ನು ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿ ಬಳಸಿ. ಬಟ್ಟೆಯನ್ನು ಕೊನೆಗೆ ಹಿಂಡಬೇಡಿ. ಕಹಿಯೂ ಲೋಳೆಯೂ ಆ ಕೊನೆಯ ಹಿಂಡಿನಲ್ಲೇ ಬರುವುದು. ಕಾಫಿ ಫಿಲ್ಟರ್ ಆಗುತ್ತದಾ ಅಂತ ಕೇಳುವವರಿದ್ದೀರಿ. ಆಗುತ್ತದೆ. ಆದರೆ ನುಣ್ಣನೆ ಹುಡಿ ತೂತುಗಳನ್ನು ಕಟ್ಟಿಬಿಡುತ್ತದೆ, ತೊಟ್ಟಿಕ್ಕಲು ಅರ್ಧ ಗಂಟೆ ಬೇಕು. ಮತ್ತೆ, ಎಷ್ಟು ತೊಳೆದರೂ ಕಾಫಿಯ ವಾಸನೆ ಆ ಫಿಲ್ಟರನ್ನು ಬಿಟ್ಟು ಹೋಗುತ್ತದಾ?

ನೀರಿನ ಬಗ್ಗೆ ಒಂದು ಮಾತು. ನಮ್ಮ ಮುರಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಅದು ಕ್ಯಾಮೊಮೈಲಿಗೆ ಹೇಳಿ ಮಾಡಿಸಿದ್ದು. ಸಮುದ್ರದ ಹತ್ತಿರ ಇರುವವರ ಬಾವಿಯಲ್ಲಿ ಏಪ್ರಿಲ್-ಮೇ ಹೊತ್ತಿಗೆ ಉಪ್ಪಿನ ಅಂಶ ಏರುತ್ತದೆ, ಆಗ ರುಚಿ ಕೆಡುತ್ತದೆ. ನಗರದಲ್ಲಿ ನಳ್ಳಿ ನೀರು ಬಳಸುವವರು, ಅದು ಮಂಗಳೂರಿನ ತುಂಬೆಯದ್ದಿರಲಿ, ಉಡುಪಿಯ ಬಜೆಯದ್ದಿರಲಿ, ಕ್ಲೋರಿನ್ ವಾಸನೆ ಬಂದರೆ ಸ್ವಲ್ಪ ಹೊತ್ತು ತೆರೆದಿಟ್ಟು ಆಮೇಲೆ ಕಾಯಿಸಿ.

ಈಗ ರುಚಿ ನೋಡುವ ಕೆಲಸ. ನಿಮ್ಮ ಮುಂದೆ ನಾಲ್ಕು ಲೋಟೆ ಇವೆ. ಒಂದರಲ್ಲಿ ಇಡೀ ಹೂವು. ಎರಡರಲ್ಲಿ ಅದೇ ಹೂವನ್ನು ಈಗಷ್ಟೇ ಕುಟ್ಟಾಣಿಯಲ್ಲಿ ಕುಟ್ಟಿದ್ದು. ಮೂರರಲ್ಲಿ ತೆರೆದು ಬಹಳ ಕಾಲ ಆದ ಹುಡಿ. ನಾಲ್ಕನೆಯದು ಮಿಶ್ರಣ, ಏನೇನು ಅಂತ ಹೇಳುವುದಿಲ್ಲ. ಸಕ್ಕರೆ ಇಲ್ಲ, ಜೇನೂ ಇಲ್ಲ. ಬಿಸಿ ಬಿಸಿ ಕುಡಿಯಬೇಡಿ. ನಾಲಿಗೆ ಸುಟ್ಟರೆ ಇವತ್ತಿನ ಪಾಠ ಮುಗಿದಂತೆ.

ಚಮಚದಲ್ಲಿ ತೆಗೆದು ಸುರ್ ಅಂತ ಎಳೆದುಕೊಳ್ಳಿ. ನಾಚಿಕೆ ಬೇಡ, ಚಾ ರುಚಿ ನೋಡುವವರು ಕೆಲಸ ಮಾಡುವುದೇ ಹೀಗೆ. ಗಾಳಿ ಜೊತೆಗೆ ಎಳೆದಾಗ ಪರಿಮಳ ಬಾಯಿಯ ಹಿಂದಿನಿಂದ ಮೂಗಿಗೆ ಏರುತ್ತದೆ. ನಂಬಿಕೆ ಬಾರದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಬರೀ ಬಿಸಿನೀರು, ಸ್ವಲ್ಪ ಕಹಿ. ಈಗ ಮೂಗು ಬಿಡಿ. ಬಂತಲ್ಲ, ಸೇಬು! ಕ್ಯಾಮೊಮೈಲಿನ ರುಚಿ ಅಂತ ನಾವು ಹೇಳುವುದು ಹೆಚ್ಚಿನ ಪಾಲು ವಾಸನೆಯೇ.

ಒಂದನೇ ಲೋಟೆಯಲ್ಲಿ ಪರಿಮಳ ಮೇಲೆ ಮೇಲೆ ಇದೆ, ಮೈ ಹಗುರ. ಎರಡನೆಯದರಲ್ಲಿ ಅದೇ ಪರಿಮಳ, ಆದರೆ ಬಾಯಿ ತುಂಬುತ್ತದೆ, ಹಿಂದಿನಿಂದ ಸಣ್ಣ ಕಹಿ. ನನಗೆ ಎರಡನೆಯದೇ ಇಷ್ಟ. ಹುಡಿ ಅಂದರೆ ಕೀಳು ಅಂತ ಮೂಗು ಮುರಿಯುವವರು ಇದನ್ನು ಕುಡಿದು ನೋಡಬೇಕು. ತಾಜಾ ಹುಡಿಗೆ ಒಂದು ತುಂಬು ರುಚಿ ಉಂಟು, ಇಡೀ ಹೂವಿನಲ್ಲಿ ಅದು ಬರುವುದಿಲ್ಲ. ಮೂರನೆಯದು ಹೇಗಿದೆ? ಹಳೇ ಗೋಣಿ, ಧೂಳು ಅಂತ ಅಲ್ಲಿಂದ ಕೇಳಿಸಿತು. ಹೌದು. ಮೊದಲ ಗುಟುಕಿನಲ್ಲಿ ಏನೂ ಇಲ್ಲ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿ. ಪರಿಮಳ ಮೊದಲು ಬಂದು ಕಹಿ ಆಮೇಲೆ ಬಂದರೆ ಹುಡಿ ಒಳ್ಳೆಯದು, ನಿಮ್ಮ ಸಮಯವೋ ಪ್ರಮಾಣವೋ ಜಾಸ್ತಿ ಆಗಿದೆ. ಪರಿಮಳ ಬರದೆ ಕಹಿ ಮಾತ್ರ ಬಂದರೆ ಹುಡಿಯೇ ಹಳತು. ಇಷ್ಟು ಗೊತ್ತಾದರೆ ಡಬ್ಬಿಯ ಮೇಲಿನ ಚೆಂದದ ಚಿತ್ರಕ್ಕೆ ಮರುಳಾಗಬೇಕಾಗಿಲ್ಲ.

ಕಹಿ ಅಂದರೆ ಹೆದರಬೇಡಿ ಅಂತ ತುಳುನಾಡಿನವರಿಗೆ ನಾನು ಹೇಳುವುದೇ? ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಹಾಲೆಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತಂದು, ಖಾಲಿ ಹೊಟ್ಟೆಗೆ ಆ ಕಷಾಯ ಕುಡಿದು, ಮೇಲಿಂದ ಮೆಂತೆ ಗಂಜಿ ಉಣ್ಣುವ ಜನ ನಾವು. ಅದರ ಮುಂದೆ ಕ್ಯಾಮೊಮೈಲಿನ ಕಹಿ ಎಲ್ಲಿಯ ಲೆಕ್ಕ. ಆದರೆ ಹಾಲೆಯ ಕಷಾಯವನ್ನು ವರ್ಷಕ್ಕೆ ಒಂದು ದಿನ ಕುಡಿಯುತ್ತೇವೆ, ರುಚಿಗೆ ಅಂತ ಅಲ್ಲ. ಇದನ್ನು ಸಂಜೆ ಸಮಾಧಾನದಲ್ಲಿ ಕೂತು ಕುಡಿಯಬೇಕು. ಕಹಿ ಅಂಚಿನಲ್ಲಿ ಇದ್ದರೆ ಚೆಂದ.

ಒಬ್ಬರು ಕೇಳಿದರು: "ಬಣ್ಣ ನೋಡಿ ಹೇಳಲಿಕ್ಕೆ ಆಗುವುದಿಲ್ಲವಾ? ನಮ್ಮ ಮನೆಯ ಹುಡಿ ಒಳ್ಳೆ ಹಳದಿ ಬರುತ್ತದೆ."

ಬಣ್ಣವನ್ನು ನಂಬಬೇಡಿ. ಈ ಹೂವಿನ ಹಳದಿ ನೀರಿನ ಮೇಲೆ ಹೋಗುತ್ತದೆ. ಕ್ಷಾರದ ನೀರಿನಲ್ಲಿ ಗಾಢ, ನಿಂಬೆ ಹಿಂಡಿದರೆ ತಿಳಿ. ಇನ್ನೊಂದು, ಮಿಶ್ರಣದಲ್ಲಿ ಅರಸಿನ ಇದ್ದರೆ ಹಳದಿ ಎಲ್ಲ ಅದರದ್ದೇ. ಅದನ್ನು ಕಂಡುಹಿಡಿಯಲು ಎಲೆ-ಅಡಿಕೆ ತಟ್ಟೆ ಸಾಕು. ಸುಣ್ಣದ ತಿಳಿಯ ಎರಡು ಹನಿ ಹಾಕುತ್ತೇನೆ, ನೋಡಿ. ಒಂದನೇ ಲೋಟೆಯಲ್ಲಿ ಹಳದಿ ಇನ್ನಷ್ಟು ಹಳದಿ ಆಯಿತು, ಅಷ್ಟೇ. ನಾಲ್ಕನೆಯದಕ್ಕೆ ಹಾಕಿದರೆ ಕೆಂಪು! ಆರತಿಗೆ ಅರಸಿನ-ಸುಣ್ಣ ಕಲಸಿ ಕುರುದಿ ನೀರು ಮಾಡುವವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ನಾಲ್ಕನೇ ಲೋಟೆಯ ಒಂದು ಗುಟ್ಟು ಬಯಲಾಯಿತು. ಸುಣ್ಣ ಹಾಕಿದ್ದನ್ನು ಚೆಲ್ಲಿಬಿಡಿ, ಕುಡಿಯಬೇಡಿ.

ಅಂಗಡಿಯಲ್ಲಿ ಹುಡಿ ಅಂತ ಸಿಗುವುದೆಲ್ಲ ಒಂದೇ ಜಾತಿಯದ್ದಲ್ಲ. ಕೆಲವು ಹೂವನ್ನು ಅರೆದದ್ದು. ಕೆಲವು ಹೂವಿನ ಜೊತೆ ದಂಟೂ ಎಲೆಯೂ ಸೇರಿ ಅರೆದದ್ದು, ಹುಲ್ಲಿನ ರುಚಿ ಬರುವುದು ಅದರಿಂದಲೇ. ಮತ್ತೆ ಕೆಲವು ನೀರಿನಲ್ಲಿ ಪೂರ್ತಿ ಕರಗಿಹೋಗುತ್ತವೆ. ಅದು ಹೂವಿನ ಹುಡಿ ಅಲ್ಲವೇ ಅಲ್ಲ. ಹೂವಿನ ಸಾರವನ್ನು ಮಾಲ್ಟೊಡೆಕ್ಸ್ಟ್ರಿನ್ ಅಥವಾ ಸಕ್ಕರೆಯ ಜೊತೆ ಒಣಗಿಸಿದ್ದು. ಮಾಲ್ಟೊಡೆಕ್ಸ್ಟ್ರಿನ್ ಅಂದರೆ ಪಿಷ್ಟದಿಂದ ಮಾಡುವ ಪದಾರ್ಥ. ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ತೂಕದಲ್ಲಿ ಜಾಸ್ತಿ ಇರುವುದು ಮೊದಲು ಬರಬೇಕು ಅಂತ ನಮ್ಮ ದೇಶದ ನಿಯಮ. ಮುಂದೆ ದೊಡ್ಡ ಅಕ್ಷರದಲ್ಲಿ ಕ್ಯಾಮೊಮೈಲ್, ಹಿಂದೆ ಪಟ್ಟಿಯಲ್ಲಿ ಅದು ನಾಲ್ಕನೆಯದು ಅಂತಾದರೆ ನೀವು ಕೊಳ್ಳುತ್ತಿರುವುದು ಏನು ಅಂತ ಗೊತ್ತಾಯಿತಲ್ಲ. ಸಕ್ಕರೆ ಕಾಯಿಲೆ ಇರುವವರು ಆ ಕರಗುವ ಜಾತಿಯನ್ನು ಎರಡು ಸಲ ಓದಿ ಕೊಳ್ಳಿ.

ಇಡೀ ಹೂವಾದರೆ ಕೈಯಲ್ಲಿ ಸೀಳಿ ನೋಡಬಹುದು. ಜರ್ಮನ್ ಕ್ಯಾಮೊಮೈಲಿನ ಹಳದಿ ಗುಬ್ಬಿ ಒಳಗೆ ಟೊಳ್ಳು ಇರುತ್ತದೆ. ನೋಡಲು ಹಾಗೇ ಇರುವ ಕಾಡುಗಿಡಗಳದ್ದು ಗಟ್ಟಿ, ಕೆಲವಕ್ಕೆ ಕೆಟ್ಟ ವಾಸನೆ. ಹುಡಿ ಮಾಡಿದ ಮೇಲೆ ಈ ಪರೀಕ್ಷೆಯೂ ಹೋಯಿತು. ಆದ್ದರಿಂದ ನನ್ನ ಸಲಹೆ ಇಷ್ಟೇ: ಆಗುವುದಾದರೆ ಹೂವು ಕೊಳ್ಳಿ, ವಾರಕ್ಕೆ ಬೇಕಾದಷ್ಟು ನೀವೇ ಕುಟ್ಟಿಕೊಳ್ಳಿ. ಮಿಕ್ಸಿ ಬಳಸಿದರೆ ಬಿಟ್ಟು ಬಿಟ್ಟು ತಿರುಗಿಸಿ, ಬಿಸಿ ಆಗಲು ಬಿಡಬೇಡಿ. ಮೀನಿನ ಮಸಾಲೆ ಅರೆಯುವ ಜಾರ್ ಅಂತೂ ಖಂಡಿತ ಬೇಡ.

ಇನ್ನು ಮಿಶ್ರಣ. ನನಗೆ ಅತ್ಯಂತ ಇಷ್ಟದ ಭಾಗ ಇದು.

ಕ್ಯಾಮೊಮೈಲ್ ಮೆತ್ತಗಿನ ಸ್ವಭಾವದ್ದು. ಜೋರು ಸ್ವರದವರ ಪಕ್ಕ ಕೂರಿಸಿದರೆ ಅದರ ಮಾತು ಕೇಳುವುದೇ ಇಲ್ಲ. ತುಳಸಿ ಹಾಕಿದರೆ ಲವಂಗದ ಘಾಟು, ಮತ್ತೆ ಬರೀ ತುಳಸಿಯೇ. ಪುದೀನಾವೂ ಹಾಗೇ. ಶುಂಠಿ ಹುಡಿಯನ್ನು ಚಿಟಿಕೆಗಿಂತ ಜಾಸ್ತಿ ಹಾಕಿದರೆ ಗಂಟಲು ಸುಡುತ್ತದೆ, ಹೂವು ಮಾಯ. ಮಾರುಕಟ್ಟೆಯ ಎಷ್ಟೋ ಮಿಶ್ರಣಗಳು ಇದೇ ತಪ್ಪು ಮಾಡುತ್ತವೆ. ಹೆಸರು ಕ್ಯಾಮೊಮೈಲಿನದ್ದು, ರುಚಿ ಶುಂಠಿಯದ್ದು.

ಸರಿ ಹೊಂದುವುದು ಬಡೆಸೋಂಪು. ಅದರ ಸಿಹಿ ಈ ಹೂವಿನ ಕಹಿಯನ್ನು ಮುಚ್ಚುತ್ತದೆ, ಪರಿಮಳವನ್ನು ಮುಚ್ಚುವುದಿಲ್ಲ. ತೂಕದಲ್ಲಿ ಐದು ಪಾಲು ಹೂವಿಗೆ ಎರಡು ಪಾಲು ಸೋಂಪು, ಹುರಿಯಬಾರದು. ಅದಕ್ಕೆ ಒಂದು ಏಲಕ್ಕಿ ಸೇರಿಸಿದರೆ ನಮ್ಮ ಊರಿನ ನಾಲಿಗೆಗೆ ತಟ್ಟನೆ ಪರಿಚಯ ಸಿಗುತ್ತದೆ. ಎರಡನೇ ಜೋಡಿ ಮಜ್ಜಿಗೆ ಹುಲ್ಲು. ಹಿತ್ತಿಲಲ್ಲಿ ಇರುವವರು ಹಸಿಯಾಗಿಯೇ ಬಳಸಿ. ನಿಂಬೆಯ ಪರಿಮಳ ಮೇಲೆ, ಸೇಬಿನ ಪರಿಮಳ ಕೆಳಗೆ. ಮೂರನೆಯದು ಲಾವಂಚ. ಅದರ ಮಣ್ಣಿನ ವಾಸನೆಯೂ ಇದರ ಬೈಹುಲ್ಲಿನ ವಾಸನೆಯೂ ಒಂದಕ್ಕೊಂದು ಒಪ್ಪುತ್ತವೆ. ಬೇರನ್ನು ಹುಡಿ ಮಾಡಲು ಹೋಗಬೇಡಿ. ನಾಲ್ಕು ಎಳೆಯನ್ನು ಕುಡಿಯುವ ನೀರಿನಲ್ಲಿ ಮೊದಲ ದಿನ ರಾತ್ರಿಯೇ ಹಾಕಿಟ್ಟು, ಆ ನೀರನ್ನು ಕಾಯಿಸಿ ಕ್ಯಾಮೊಮೈಲಿಗೆ ಹೊಯ್ಯಿರಿ. ಬೇಸಿಗೆಯ ಸಂಜೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕುಡಿದಿಲ್ಲ.

ಮಿಶ್ರಣ ಕೆಡುವುದಕ್ಕೆ ದೊಡ್ಡ ಕಾರಣ ಒಂದು ಉಂಟು. ಬೇರು, ತೊಗಟೆ, ಬೀಜಕ್ಕೆ ಕುದಿ ಬೇಕು. ಹೂವಿಗೆ ಕುದಿ ಆಗದು. ಎಲ್ಲ ಒಂದೇ ಡಬ್ಬಿಯಲ್ಲಿ ಇದ್ದಾಗ ಯಾರ ಮಾತು ಕೇಳುವುದು? ಕುದಿಸಿದರೆ ಹೂವು ಹೋಯಿತು, ಕುದಿಸದಿದ್ದರೆ ಶುಂಠಿ-ಜ್ಯೇಷ್ಠಮಧು ಹಸಿ ಹಸಿ. ಮನೆಯಲ್ಲಿ ಮಾಡುವವರು ಎರಡು ಭರಣಿ ಇಟ್ಟುಕೊಳ್ಳಿ. ಕುದಿಯುವುದು ಒಂದರಲ್ಲಿ, ಹೂವು ಒಂದರಲ್ಲಿ. ಮೊದಲಿನದನ್ನು ಐದು ನಿಮಿಷ ಕುದಿಸಿ, ಒಲೆ ಆರಿಸಿ, ಗುಳ್ಳೆ ನಿಂತ ಮೇಲೆ ಹೂವಿನ ಹುಡಿ ಹಾಕಿ ಮುಚ್ಚಿ. ಡಬ್ಬಿಯ ಮಿಶ್ರಣವೇ ಇದ್ದರೆ ಕುದಿಸಬೇಡಿ, ಮೂರು ನಿಮಿಷ ಮುಚ್ಚಿಡಿ. ಶುಂಠಿ ಪೂರ್ತಿ ಬಿಡದಿದ್ದರೂ ಪರವಾಗಿಲ್ಲ.

"ನಮ್ಮ ಉಡುಪಿ ಮಲ್ಲಿಗೆ ಸೇರಿಸಬಹುದಾ?" ಅಂತ ಶಂಕರಪುರ ಕಡೆಯಿಂದ ಬಂದವರೊಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಸೇರಿಸಬಹುದು, ಆದರೆ ಅರೆದು ಅಲ್ಲ. ಚೀನಾದಲ್ಲಿ ಮಲ್ಲಿಗೆ ಚಾ ಮಾಡುವಾಗ ಅರಳುವ ಮೊಗ್ಗನ್ನು ಚಾ ಎಲೆಯ ಜೊತೆ ರಾತ್ರಿಯಿಡೀ ಇಟ್ಟು, ಪರಿಮಳ ಹೀರಿಕೊಂಡ ಮೇಲೆ ಹೂವನ್ನು ತೆಗೆಯುತ್ತಾರೆ. ಹಾಗೇ ಮಾಡಿ. ಒಣ ಕ್ಯಾಮೊಮೈಲ್ ಹೂವಿನ ಮೇಲೆ ತೆಳು ಬಟ್ಟೆ, ಅದರ ಮೇಲೆ ಸಂಜೆಯ ಮೊಗ್ಗು, ಮುಚ್ಚಳ. ಬೆಳಿಗ್ಗೆ ಮಲ್ಲಿಗೆ ತೆಗೆದು, ಕ್ಯಾಮೊಮೈಲನ್ನು ಮತ್ತೆ ಗರಿಗರಿ ಆಗುವವರೆಗೆ ಒಣಗಿಸಿ, ಆಮೇಲೆ ಹುಡಿ ಮಾಡಿ. ಹುಡಿಯ ಮೇಲೆಯೇ ಇಟ್ಟರೆ ಮೊಗ್ಗಿನ ತೇವಕ್ಕೆ ಅದು ಮುದ್ದೆಯಾಗುತ್ತದೆ. ಮನೆಯ ಗಿಡದ ಹೂವೇ ಆಗಬೇಕು. ಮುಡಿಯಲಿಕ್ಕೆ ಬೆಳೆದ ಹೂವಿಗೆ ಮದ್ದು ಹೊಡೆದಿರಬಹುದು, ಅದು ಕುಡಿಯಲಿಕ್ಕಲ್ಲ.

ಹಾಲು ಹಾಕಬಹುದಾ ಅಂತಲೂ ಬಂತು. ಹಾಕಿದರೆ ಕಹಿ ಮಂಕಾಗುತ್ತದೆ, ಪರಿಮಳವೂ ಮಂಕಾಗುತ್ತದೆ. ನಾನು ಹಾಕುವುದಿಲ್ಲ. ಸಿಹಿ ಬೇಕಾದರೆ ಕಲ್ಲುಸಕ್ಕರೆ. ಬೆಲ್ಲಕ್ಕೆ ಅದರದ್ದೇ ರುಚಿ ಜಾಸ್ತಿ.

ಈಗ ನಿದ್ದೆಗೆ ಬರೋಣ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಅತಿ ಆತಂಕದ ತೊಂದರೆ ಇರುವ 57 ಜನರ ಮೇಲೆ 8 ವಾರ ಪ್ರಯೋಗ ಮಾಡಿ, ಕ್ಯಾಮೊಮೈಲ್ ಕೊಟ್ಟವರಲ್ಲಿ ಸ್ವಲ್ಪ ಜಾಸ್ತಿ ಸುಧಾರಣೆ ಕಂಡರು. 2011ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ನಿದ್ದೆ ಬಾರದ 34 ಜನರಿಗೆ 28 ದಿನ ಕೊಟ್ಟು ನೋಡಿದರೆ ನಿದ್ದೆಯ ಮುಖ್ಯ ಅಳತೆಗಳಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಕೊಟ್ಟದ್ದು ಸಾರದ ಗುಳಿಗೆ. ಲೋಟೆಯಲ್ಲಿ ಮಾಡಿಕೊಟ್ಟ ಪಾನೀಯ ಅಲ್ಲ. ಹಾಗಾಗಿ ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನಂಬಿ ನಿದ್ದೆಯ ಮಾತ್ರೆ ನಿಲ್ಲಿಸಬೇಡಿ. ರಾತ್ರಿ ಊಟದ ಮೇಲೆ ಕಣ್ಣು ಚಾ, ಅಂದರೆ ಹಾಲು ಹಾಕದ ಚಾ, ಕುಡಿಯುವ ಬದಲು ಇದನ್ನು ಕುಡಿದರೆ ಕೆಫೀನ್ ಇಲ್ಲ, ಅದೊಂದು ಲಾಭ ಖಂಡಿತ.

ಯಾರಿಗೆ ಬೇಡ? ಸೇವಂತಿಗೆ ಮುಟ್ಟಿದರೆ ತುರಿಕೆ ಆಗುವವರು, ಕಾಂಗ್ರೆಸ್ ಗಿಡದ ಅಲರ್ಜಿ ಇರುವವರು ಜಾಗ್ರತೆ, ಎಲ್ಲ ಒಂದೇ ಕುಟುಂಬ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಮತ್ತು ಬಸುರಿಯರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಮಿಶ್ರಣದಲ್ಲಿ ಜ್ಯೇಷ್ಠಮಧು ಇದ್ದರೆ ಬಿಪಿ ಇರುವವರು ದಿನಾ ಕುಡಿಯುವುದು ಬೇಡ, ಅದು ಬಿಪಿ ಏರಿಸುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಹೊಟ್ಟೆನೋವಿಗೆ ಅಂತ ಕೊಡಲೇಬೇಡಿ. ಅರ್ಜೆಂಟೀನಾದಲ್ಲಿ ಮಾರುತ್ತಿದ್ದ ಬಿಡಿ ಕ್ಯಾಮೊಮೈಲಿನಲ್ಲಿ ಬೊಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಕಣಗಳು ಸಿಕ್ಕಿದ್ದವು. ಬಿಸಿನೀರಿಗೆ ಅವು ಸಾಯುವುದಿಲ್ಲ.

"ಮಳೆಗಾಲದಲ್ಲಿ ಎರಡೇ ವಾರಕ್ಕೆ ಮುದ್ದೆ ಆಗ್ತದೆ, ಎಂತ ಮಾಡುವುದು?" ಇದು ಕೊನೆಯ ಸಾಲಿನಿಂದ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಹೂವಿನ ಹುಡಿ ಯಾವ ಲೆಕ್ಕ. ಸಣ್ಣ ಗಾಜಿನ ಭರಣಿ, ಬಿಗಿ ಮುಚ್ಚಳ, ಕತ್ತಲು. ದೊಡ್ಡ ಡಬ್ಬಿ ತಂದರೆ ನಾಲ್ಕು ಸಣ್ಣ ಭರಣಿಗೆ ಹಂಚಿಬಿಡಿ, ಒಂದನ್ನು ಮಾತ್ರ ತೆರೆಯಿರಿ. ಒದ್ದೆ ಚಮಚ ಬೇಡ. ಆವಿ ಬರುವ ಲೋಟೆಯ ಮೇಲೆ ಭರಣಿ ಹಿಡಿದು ಹುಡಿ ಕೊಡವುವವರನ್ನು ನೋಡಿದ್ದೇನೆ, ಆ ಆವಿ ನೇರ ಭರಣಿಗೇ ಹೋಗುವುದು. ಫ್ರಿಜ್‌ನಲ್ಲಿ ಇಟ್ಟರೆ, ಹೊರಗೆ ತೆಗೆದ ಕೂಡಲೇ ತೆರೆಯಬೇಡಿ. ತಣ್ಣಗಿನ ಗಾಜಿನ ಒಳಗೆ ನೀರು ಕೂರುತ್ತದೆ. ಗಂಟು ಕಟ್ಟಿದ್ದು ಬೆರಳಿಗೆ ಒಡೆದು ವಾಸನೆ ಸರಿ ಇದ್ದರೆ ಬೇಗ ಮುಗಿಸಿ. ಬೂಸಲು ವಾಸನೆ ಬಂದರೆ ತೆಂಗಿನ ಬುಡಕ್ಕೆ.

ತಣ್ಣಗೆ ಕುಡಿಯುವವರು ಹುಡಿಯನ್ನು ತಣ್ಣೀರಲ್ಲಿ ನೆನೆಹಾಕುವ ಕ್ರಮ ಈಚೆಗೆ ಬಂದಿದೆ. ಕಹಿ ಕಮ್ಮಿ, ನಿಜ. ಆದರೆ ಒಣಗಿದ ಹೂವು ತೊಳೆದ ಪದಾರ್ಥ ಅಲ್ಲ. ಬಿಸಿನೀರು ತಾಗದೆ ಅದರ ಕೊಳೆಯನ್ನೂ ಕುಡಿದ ಹಾಗೆ ಆಯಿತು. ಬಿಸಿಯಲ್ಲೇ ಮಾಡಿ, ಸೋಸಿ, ಮುಚ್ಚಿ ಆರಿಸಿ, ಫ್ರಿಜ್‌ಗೆ ಇಡಿ. ಬೇಕಾದರೆ ಆರಿದ ಮೇಲೆ ಪುನರ್ಪುಳಿಯ ಒಂದು ಸಿಪ್ಪೆ ಹಾಕಿ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಎರಡು ಸಿಪ್ಪೆ ಹಾಕಿದರೆ ಅದು ಪುನರ್ಪುಳಿ ಶರಬತ್ತೇ ಆಗುತ್ತದೆ. ಅದೇ ದಿನ ಕುಡಿದು ಮುಗಿಸಿ, ನಾಳೆಗೆ ಅದರಲ್ಲಿ ಪರಿಮಳ ಇರುವುದಿಲ್ಲ.